ಕಡಲ ಕೆಸರಿನಲ್ಲಿ ಮುಂಗಾರಿನ ಹಳೆಯ ಕಡತ

ಹದಿನಾಲ್ಕನೆಯ ಶತಮಾನದ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ಅರೇಬಿಯಾದ ದಕ್ಷಿಣ ಕರಾವಳಿಯ ಜಫಾರ್ ಪಟ್ಟಣದ ಬಗ್ಗೆ ಬರೆಯುವಾಗ ಒಂದು ವಿಚಿತ್ರವನ್ನು ಮರೆಯದೆ ದಾಖಲಿಸಿದ್ದಾನೆ. ಅಲ್ಲಿ ಪ್ರಾಣಿಗಳಿಗೆ, ಕುರಿಮಂದೆಗಳಿಗೆ ಹಾಕುವ ಮೇವು ಹುಲ್ಲಲ್ಲ, ಮೀನು! ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎಂದು ಆತ ಬೆರಗಾಗಿದ್ದಾನೆ. ಅವನಿಗಿಂತ ಅರ್ಧ ಶತಮಾನ ಹಿಂದೆ ಮಾರ್ಕೊ ಪೋಲೊ ಕೂಡ ಅದೇ ಕರಾವಳಿಯ ಶಿಹರ್ ಬಂದರಿನ ಬಗ್ಗೆ ಇದೇ ಮಾತು ಹೇಳಿದ್ದ. ಅಲ್ಲಿ ಕುದುರೆ, ದನ, ಒಂಟೆಗಳೆಲ್ಲ ತಿನ್ನುವುದು ಒಣಗಿಸಿದ ಚಿಕ್ಕ ಮೀನನ್ನೇ ಎಂದು.

ಈ ಜಫಾರ್ ಈಗಿನ ಒಮಾನ್ ದೇಶದ ದೋಫಾರ್ ಪ್ರಾಂತದಲ್ಲಿತ್ತು. ಅಲ್ಲಿಂದ ಜಾತಿಕುದುರೆಗಳು ಹಡಗೇರಿ ಭಾರತಕ್ಕೆ ಬರುತ್ತಿದ್ದವು. ಗಾಳಿ ಅನುಕೂಲವಾಗಿದ್ದರೆ ಒಂದು ತಿಂಗಳ ಪ್ರಯಾಣ ಎಂದು ಇಬ್ನ್ ಬತೂತನೇ ಹೇಳುತ್ತಾನೆ. ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರದ ಲಾಯ ಸೇರಿದ ಅರಬ್ಬೀ ಕುದುರೆಗಳ ಕಥೆ ನಮಗೆ ಗೊತ್ತು. ಹಂಪಿಯ ಹಜಾರರಾಮ ದೇಗುಲದ ಪ್ರಾಕಾರದ ಗೋಡೆಯಲ್ಲಿ ಕುದುರೆ ಹಿಡಿದು ನಡೆಸುವ ಪರದೇಶಿಗಳ ಸಾಲನ್ನು ಈಗಲೂ ನೋಡಬಹುದು.

ಹುಲ್ಲು ಬೆಳೆಯದ ನೆಲದ ಪಕ್ಕದ ಕಡಲಲ್ಲಿ ದನಕ್ಕೆ ಹಾಕಿಯೂ ಮಿಗುವಷ್ಟು ಮೀನು ಎಲ್ಲಿಂದ ಬಂತು? ಈ ಪ್ರಶ್ನೆಯ ಉತ್ತರ ನಮ್ಮ ಮುಂಗಾರಿನಲ್ಲಿದೆ. ಅಷ್ಟೇ ಅಲ್ಲ, ಮುಂಗಾರಿನ ಹತ್ತು ಸಾವಿರ ವರ್ಷದ, ಹತ್ತು ಲಕ್ಷ ವರ್ಷದ ಹಳೆಯ ಕಥೆಯನ್ನು ಓದಲು ವಿಜ್ಞಾನಿಗಳಿಗೆ ಸಿಕ್ಕ ಬೀಗದಕೈ ಕೂಡ ಅದೇ ಕಡಲ ತಳದಲ್ಲಿದೆ.

ಗಾಳಿ ಬಲಕ್ಕೆ ತಳ್ಳಿದ ನೀರು

ಸಮುದ್ರದ ಮೇಲ್ಭಾಗದಲ್ಲಿ ಬಿಸಿಲಿದೆ, ಆದರೆ ಗೊಬ್ಬರವಿಲ್ಲ. ಆಳದಲ್ಲಿ ಗೊಬ್ಬರವಿದೆ, ಬಿಸಿಲಿಲ್ಲ. ಸತ್ತ ಜೀವಿಗಳೆಲ್ಲ ಕೆಳಗೆ ಮುಳುಗಿ ಕೊಳೆಯುವುದರಿಂದ ಸಾರಜನಕ, ರಂಜಕಗಳ ಲವಣಗಳು ಆಳದ ತಣ್ಣೀರಿನಲ್ಲಿ ಸೇರಿಕೊಳ್ಳುತ್ತವೆ. ಆ ನೀರು ಮೇಲೆ ಬಂದಲ್ಲಿ ಮಾತ್ರ ಕಡಲು ಫಲವತ್ತಾದ ಹೊಲವಾಗುತ್ತದೆ. ವಿಜ್ಞಾನಿಗಳು ಇದನ್ನು ಅಪ್‌ವೆಲಿಂಗ್ ಎನ್ನುತ್ತಾರೆ. ನಾವು ಮೇಲುಕ್ಕು ಎನ್ನೋಣ.

ನೀರನ್ನು ಹೀಗೆ ಮೇಲೆತ್ತುವ ಏತ ಯಾವುದು? ಇದರ ಸುಳಿವು ಸಿಕ್ಕಿದ್ದು ಉತ್ತರ ಧ್ರುವದ ಹಿಮಗಡಲಲ್ಲಿ. 1893ರಿಂದ 1896ರವರೆಗೆ ತನ್ನ 'ಫ್ರಾಮ್' ಹಡಗನ್ನು ಹಿಮದಲ್ಲಿ ಸಿಕ್ಕಿಸಿಕೊಂಡು ತೇಲಿದ ನಾರ್ವೆಯ ನಾನ್ಸೆನ್, ಹಿಮದ ಹಾಸು ಗಾಳಿಯ ದಿಕ್ಕಿನಲ್ಲಿ ನೇರ ಸಾಗದೆ ಸದಾ ಸ್ವಲ್ಪ ಬಲಕ್ಕೆ ಸರಿಯುವುದನ್ನು ಗಮನಿಸಿದ. ಭೂಮಿ ತಿರುಗುವುದೇ ಇದಕ್ಕೆ ಕಾರಣವೆಂದು ಊಹಿಸಿ ಲೆಕ್ಕ ಬಿಡಿಸಲು ಸ್ವೀಡನ್ನಿನ ಎಕ್ಮನ್ ಎಂಬ ತರುಣನಿಗೆ ಒಪ್ಪಿಸಿದ. ಎಕ್ಮನ್ 1905ರಲ್ಲಿ ಪ್ರಕಟಿಸಿದ ಸಿದ್ಧಾಂತದ ಸಾರ ಇಷ್ಟು: ಉತ್ತರ ಗೋಳಾರ್ಧದಲ್ಲಿ ಗಾಳಿ ಬೀಸಿದರೆ ಕಡಲಿನ ಮೇಲ್ಪದರದ ನೀರು ಒಟ್ಟಾರೆಯಾಗಿ ಗಾಳಿಯ ಬಲಕ್ಕೆ, ಲಂಬಕೋನದಲ್ಲಿ ಸರಿಯುತ್ತದೆ.

ಈಗ ಅರಬ್ಬೀ ಸಮುದ್ರದ ನಕ್ಷೆಯನ್ನು ನೆನೆಸಿಕೊಳ್ಳಿ. ಜೂನ್ ತಿಂಗಳಲ್ಲಿ ನೈಋತ್ಯ ಮಾರುತ ಆಫ್ರಿಕದ ಪೂರ್ವ ತೀರದಲ್ಲಿ ಭೂಮಧ್ಯರೇಖೆ ದಾಟಿ, ಸೊಮಾಲಿಯ ಮತ್ತು ಒಮಾನ್ ಕರಾವಳಿಗಳ ಉದ್ದಕ್ಕೂ ಈಶಾನ್ಯಕ್ಕೆ ನುಗ್ಗುತ್ತದೆ. ಈ ಗಾಳಿಯ ಹೊಳೆಯನ್ನು ಗುರುತಿಸಿ 1969ರಲ್ಲಿ ವಿವರಿಸಿದ ಬ್ರಿಟಿಷ್ ಹವಾಮಾನತಜ್ಞ ಫಿಂಡ್ಲೇಟರ್‌ನ ಹೆಸರೇ ಅದಕ್ಕಿದೆ. ಹೀಗೆ ಸಾಗುವ ಗಾಳಿಯ ಎಡಕ್ಕೆ ಅರೇಬಿಯಾದ ನೆಲ, ಬಲಕ್ಕೆ ತೆರೆದ ಕಡಲು. ಮೇಲಿನ ನೀರು ದಡ ಬಿಟ್ಟು ಬಲಕ್ಕೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಉಕ್ಕುತ್ತದೆ. ಮೇ ತಿಂಗಳಲ್ಲಿ 28 ಡಿಗ್ರಿಗಿಂತ ಬೆಚ್ಚಗಿದ್ದ ದಡದ ನೀರು ಜುಲೈ, ಆಗಸ್ಟ್ ಹೊತ್ತಿಗೆ ಕೆಲವೆಡೆ 20 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಕಡಲು ಹಸಿರಾಗುತ್ತದೆ. ಅದನ್ನು ತಿನ್ನಲು ಬೂತಾಯಿ ಮೀನಿನ ದಂಡು. ಹೌದು, ಮಂಗಳೂರು, ಮಲ್ಪೆಯ ಜನ ಬೂತಾಯಿ ಎನ್ನುವ ಜಾತಿಯೇ ಒಮಾನಿನ ಕಡಲಲ್ಲೂ ಇದೆ. ನಮ್ಮ ತೀರದಲ್ಲೂ ಮಳೆಗಾಲದಲ್ಲಿ ಮೇಲುಕ್ಕು ಉಂಟು. ಆದರೆ ಒಮಾನಿನದಕ್ಕೆ ಹೋಲಿಸಿದರೆ ಬಹಳ ಮಂದ.

ಅಂದರೆ, ಕರ್ನಾಟಕದ ಹೊಲಕ್ಕೆ ಮಳೆ ಹೊತ್ತು ತರುವ ಗಾಳಿಯೇ ದಾರಿಯಲ್ಲಿ ಅರೇಬಿಯಾದ ಕಡಲನ್ನು ಉತ್ತು ಹೋಗುತ್ತದೆ. ಉಳುಮೆಯ ಗುರುತು ಕಡಲ ತಳದಲ್ಲಿ ಉಳಿಯುತ್ತದೆ.

ಬರಹ ನಿಂತಲ್ಲಿಂದ ಮುಂದೆ

ಮುಂಗಾರಿನ ಇತಿಹಾಸ ನಮಗೆಷ್ಟು ಗೊತ್ತು? ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಇಡೀ ದೇಶದ ಮಳೆಯ ನಂಬಬಹುದಾದ ಅಂಕಿಗಳು ಸಿಗುವುದು ಹೆಚ್ಚುಕಡಿಮೆ ಆ ಕಾಲದಿಂದ. ಅದರ ಮರುವರ್ಷವೇ ಶುರುವಾದ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನರನ್ನು ನುಂಗಿತು. ಇನ್ನೂ ಹಿಂದೆ ಹೋದರೆ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ದಖ್ಖನಿನಲ್ಲಿ ಹನ್ನೆರಡು ವರ್ಷ ಕಾಡಿತೆನ್ನುವ ದುರ್ಗಾದೇವಿ ಬರದ ನೆನಪಿದೆ. ಕೆರೆ ಕಟ್ಟಿಸಿದ ಶಾಸನಗಳಿವೆ. ಆದರೆ ಶಾಸನ ಮಳೆಯ ಅಳತೆ ಹೇಳುವುದಿಲ್ಲ. ಬರದ ಕಥೆ ಒಳ್ಳೆಯ ಮಳೆಯ ವರ್ಷಗಳನ್ನು ನೆನಪಿಡುವುದಿಲ್ಲ. ಮನುಷ್ಯನ ಬರಹ ನಿಂತಲ್ಲಿಂದ ಮುಂದೆ ಹೋಗಬೇಕಾದರೆ ಬೇರೆ ಲಿಪಿಕಾರ ಬೇಕು.

ಆ ಲಿಪಿಕಾರ ಮರಳಿನ ಕಣದಷ್ಟು ಗಾತ್ರದ ಒಂದು ಜೀವಿ. ಹೆಸರು ಫೊರಾಮಿನಿಫೆರಾ. ಒಂದೇ ಜೀವಕೋಶದ ಪ್ರಾಣಿ. ನೀರಿನ ಸುಣ್ಣವನ್ನು ಹೀರಿ ತನ್ನ ಸುತ್ತ ಕೋಣೆಕೋಣೆಯಾಗಿ ಚಿಪ್ಪು ಕಟ್ಟಿಕೊಳ್ಳುತ್ತದೆ. 1826ರಲ್ಲಿ ಈ ಗುಂಪಿಗೆ ಹೆಸರಿಟ್ಟ ಫ್ರಾನ್ಸಿನ ಡಾರ್ಬಿನಿ ಸುರುಳಿ ಚಿಪ್ಪನ್ನು ನೋಡಿ ಇವು ಅಷ್ಟಪದಿಗಳ ಕಿರಿಯ ಬಂಧುಗಳೆಂದು ತಿಳಿದಿದ್ದ. ಒಂಬತ್ತು ವರ್ಷಗಳ ನಂತರ ದುಜಾರ್ದಾಂ ಎಂಬಾತ ಜೀವಂತ ಪ್ರಾಣಿಯನ್ನು ನೋಡಿ, ಇದರೊಳಗೆ ಅಂಥ ಅಂಗಾಂಗಗಳು ಏನೂ ಇಲ್ಲವೆಂದು ತೋರಿಸಿದ. 1872ರಿಂದ 1876ರವರೆಗೆ ಜಗತ್ತು ಸುತ್ತಿದ ಬ್ರಿಟನ್ನಿನ 'ಚಾಲೆಂಜರ್' ಹಡಗಿನ ಶೋಧಯಾತ್ರೆಯಲ್ಲಿ ಇನ್ನೊಂದು ಜಗಳ ಬಗೆಹರಿಯಿತು. ಆಳಗಡಲ ತಳದಲ್ಲಿ ಹಾಸಿಕೊಂಡ ಈ ಚಿಪ್ಪುಗಳ ಒಡೆಯರು ಬದುಕುವುದು ತಳದಲ್ಲೋ ಮೇಲೋ? ಹಡಗಿನಲ್ಲಿದ್ದ ಜಾನ್ ಮರ್ರೆ ಕಡಲ ಮೇಲ್ಭಾಗದಲ್ಲಿ ನಯವಾದ ಬಲೆ ಎಳೆದು, ತೇಲಿ ಬದುಕುವ ಅವೇ ಜೀವಿಗಳನ್ನು ಹಿಡಿದ. ಅವು ಸತ್ತಾಗ ಚಿಪ್ಪುಗಳು ಹಿಟ್ಟಿನಂತೆ ಕೆಳಗೆ ಉದುರುತ್ತವೆ.

ಇವುಗಳಲ್ಲಿ ನಮಗೆ ಬೇಕಾದ ಜಾತಿ ಗ್ಲೋಬಿಜೆರೈನ ಬುಲಾಯ್ಡಿಸ್. ನಾಲ್ಕು ಗುಳ್ಳೆಗಳನ್ನು ಅಂಟಿಸಿಟ್ಟಂತೆ ಕಾಣುವ ಚಿಪ್ಪು ಇದರದು. ಇದು ಮೂಲತಃ ತಂಪು ಸಮುದ್ರಗಳ ನಿವಾಸಿ. ಉಷ್ಣವಲಯದ ಬೆಚ್ಚನೆಯ ನೀರಿನಲ್ಲಿ ಇದಕ್ಕೆ ಕೆಲಸವಿಲ್ಲ. ಅಲ್ಲಿ ಸಿಕ್ಕರೂ ತೀರ ವಿರಳ. ಆದರೆ ಆಳದ ತಣ್ಣೀರು ಉಕ್ಕಿ ಆಹಾರ ಹೇರಳವಾದ ಕಡೆಗಳಲ್ಲಿ ಮಾತ್ರ ರಾಶಿರಾಶಿಯಾಗಿ ಹುಟ್ಟುತ್ತದೆ. ಮಲೆನಾಡಿನ ಗಿಡವೊಂದು ಬಯಲುಸೀಮೆಯಲ್ಲಿ ಹುಲುಸಾಗಿ ಬೆಳೆದಿದ್ದರೆ ಅಲ್ಲಿ ಯಾವುದೋ ಊಟೆ ಇರಬೇಕೆಂದು ರೈತ ಊಹಿಸುವುದಿಲ್ಲವೆ? ಇದೂ ಹಾಗೆಯೇ.

ಈ ಊಹೆಯನ್ನು ನೇರವಾಗಿ ಪರೀಕ್ಷಿಸಿ ನೋಡಿದ್ದೂ ಆಗಿದೆ. 1986ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು ಅರಬ್ಬೀ ಸಮುದ್ರದ ಆಳದಲ್ಲಿ ದೊಡ್ಡ ಆಲಿಕೆಗಳನ್ನು ಕಟ್ಟಿದರು. ಮೇಲಿನಿಂದ ಉದುರುವುದೆಲ್ಲ ಆಯಾ ವಾರಗಳ ಬಾಟಲಿಯಲ್ಲಿ ಬೇರೆ ಬೇರೆಯಾಗಿ ಬೀಳುವ ಏರ್ಪಾಡು. ಮುಂಗಾರು ಬಲವಾಗಿ ಬೀಸುವ ತಿಂಗಳುಗಳಲ್ಲಿ ಉದುರುವ ಪ್ರಮಾಣ ಏರುತ್ತದೆಂದು ಗೋವೆಯ ಆರ್. ಆರ್. ನಾಯರ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದರು. ಸಮುದ್ರದ ಪಶ್ಚಿಮ ಭಾಗದ ಆಲಿಕೆಯಲ್ಲಿ ಬುಲಾಯ್ಡಿಸ್ ಚಿಪ್ಪುಗಳು ಹೆಚ್ಚಿದ್ದೂ ಅದೇ ಋತುವಿನಲ್ಲಿ.

ಕಡತ ಓದುವ ಬಗೆ

ಓದುವ ಕೆಲಸ ಸರಳ, ಆದರೆ ತಾಳ್ಮೆ ಬೇಡುವಂಥದು. ಹಡಗಿನಿಂದ ಉದ್ದನೆಯ ಕೊಳವೆಯನ್ನು ಕಡಲ ತಳಕ್ಕೆ ಚುಚ್ಚಿ ಕೆಸರಿನ ಕಂಬವನ್ನು ಹೊರತೆಗೆಯುತ್ತಾರೆ. ಮೇಲಿನ ತುದಿ ಇಂದಿನದು. ಕೆಳಗೆ ಹೋದಂತೆಲ್ಲ ಹಳೆಯದು. ಒಮಾನಿನ ಇಳಿಜಾರಿನಲ್ಲಿ ಸಾವಿರ ವರ್ಷಕ್ಕೆ ಕೆಲವು ಹತ್ತು ಸೆಂಟಿಮೀಟರಿನಷ್ಟು ಕೆಸರು ಕೂರುತ್ತದೆ. ಕಂಬವನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ನೀರಿನಲ್ಲಿ ತೊಳೆದು, ನಯವಾದ ಜರಡಿಯಲ್ಲಿ ಸೋಸಿದರೆ ಜೇಡಿ ಹೋಗಿ ಚಿಪ್ಪುಗಳು ಉಳಿಯುತ್ತವೆ. ಪ್ರತಿ ಬಿಲ್ಲೆಯಿಂದ ಮುನ್ನೂರರಷ್ಟು ಚಿಪ್ಪುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿ ಜಾತಿವಾರು ಎಣಿಸುತ್ತಾರೆ. ಬುಲಾಯ್ಡಿಸ್ ಶೇಕಡಾ ಎಷ್ಟು ಎಂಬುದೇ ಆ ಕಾಲದ ಮೇಲುಕ್ಕಿನ ಸೂಚಿ. ಚಿಪ್ಪಿನ ಇಂಗಾಲ-14ರಿಂದ ಬಿಲ್ಲೆಯ ವಯಸ್ಸು ಗೊತ್ತಾಗುತ್ತದೆ.

ಅಮೆರಿಕದ ವಾರೆನ್ ಪ್ರೆಲ್ ಮತ್ತು ವಿಲಿಯಂ ಕರಿ 1981ರಲ್ಲಿ ಈ ಸೂಚಿಯನ್ನು ಅರಬ್ಬೀ ಸಮುದ್ರಕ್ಕೆ ಅನ್ವಯಿಸಿ ತೋರಿಸಿದರು. 1987ರಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಎಂಬ ಕೊರೆಯುವ ಹಡಗು ಒಮಾನಿನ ಮುಂದೆ ಹಲವು ಕಡೆ ತಳವನ್ನು ಕೊರೆಯಿತು. ಅವುಗಳಲ್ಲಿ ಸುಮಾರು 800 ಮೀಟರ್ ಆಳದ ನೀರಿನ ಕೆಳಗಿನ 723ನೆಯ ತಾಣ ಹೆಸರುವಾಸಿಯಾಯಿತು.

ಈ ಕಂಬಗಳು ಹೇಳಿದ ಕಥೆ ಸ್ಥೂಲವಾಗಿ ಹೀಗಿದೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಮೇಲುಕ್ಕು ಮಂದವಾಗಿತ್ತು. ಅಂದರೆ ನೈಋತ್ಯ ಮಾರುತ ಸೊರಗಿತ್ತು. ಹಿಮ ಕರಗಿದ ಮೇಲೆ, ಇಂದಿಗೆ ಹತ್ತು ಸಾವಿರದಿಂದ ಎಂಟು ಸಾವಿರ ವರ್ಷಗಳ ಹಿಂದೆ, ಗಾಳಿ ಈಗಿನದಕ್ಕಿಂತ ಜೋರಾಗಿ ಬೀಸಿತು. ಇದಕ್ಕೆ ಕಾರಣವನ್ನು ಜಾನ್ ಕುಟ್ಸ್‌ಬಾಕ್ 1981ರಲ್ಲೇ ಗಣಿತದಿಂದ ತೋರಿಸಿದ್ದ. ಭೂಮಿ ಈಗ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಿ. 9,000 ವರ್ಷಗಳ ಹಿಂದೆ ಬರುತ್ತಿದ್ದುದು ಜುಲೈನಲ್ಲಿ. ಆಗ ಉತ್ತರ ಗೋಳಾರ್ಧದ ಬೇಸಗೆಗೆ ಸುಮಾರು ಶೇ. 7ರಷ್ಟು ಹೆಚ್ಚು ಬಿಸಿಲು ಸಿಗುತ್ತಿತ್ತು. ಏಷ್ಯದ ನೆಲ ಹೆಚ್ಚು ಕಾದು ಗಾಳಿಯನ್ನು ಬಲವಾಗಿ ಸೆಳೆಯಿತು. ಆಮೇಲೆ ಬಿಸಿಲು ತಗ್ಗಿದಂತೆ ಗಾಳಿಯೂ ತಗ್ಗುತ್ತ ಬಂತು.

ಖರಗ್‌ಪುರ ಐಐಟಿಯ ಅನಿಲ್ ಗುಪ್ತ, ಅಮೆರಿಕದ ಡೇವಿಡ್ ಆಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್ ಅವರ ಜೊತೆ 723ನೆಯ ತಾಣದ ಕಂಬವನ್ನು ಇನ್ನೂ ಸೂಕ್ಷ್ಮವಾಗಿ ಎಣಿಸಿ 2003ರಲ್ಲಿ ಮತ್ತೊಂದು ಸಂಗತಿ ಪ್ರಕಟಿಸಿದರು. ತಗ್ಗುತ್ತ ಬಂದ ಈ ಗೆರೆಯಲ್ಲಿ ಮತ್ತೆ ಮತ್ತೆ ಹಳ್ಳಗಳಿವೆ. ಆ ಹಳ್ಳಗಳು ದೂರದ ಉತ್ತರ ಅಟ್ಲಾಂಟಿಕ್ ಸಾಗರ ತಣ್ಣಗಾದ ಕಾಲಗಳಿಗೆ ಹೊಂದುತ್ತವೆ. ಗ್ರೀನ್‌ಲೆಂಡಿನ ಕಡೆ ಹಿಮ ಹೆಚ್ಚಿದರೆ ಅರಬ್ಬೀ ಸಮುದ್ರದ ಗಾಳಿ ಕುಗ್ಗುತ್ತದೆ ಎಂಬ ಈ ನಂಟು ಹತ್ತು ಸಾವಿರ ವರ್ಷದ ಕಡತವಿಲ್ಲದೆ ಗೊತ್ತಾಗುವಂತಿರಲಿಲ್ಲ.

ಸಾಕ್ಷಿ ನೋಡಿದ್ದೇನು?

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತದೆ. ಆದರೆ ಇತಿಹಾಸ ಓದುವವರು ಇಲ್ಲಿಯೇ ಎಚ್ಚರವಾಗಬೇಕು. ಚಿಪ್ಪು ಕಂಡದ್ದು ಗಾಳಿಯನ್ನು, ಮಳೆಯನ್ನಲ್ಲ. ಇನ್ನೂ ನಿಖರವಾಗಿ ಹೇಳಬೇಕೆಂದರೆ ಅದು ಗಾಳಿಯನ್ನೂ ಕಂಡಿಲ್ಲ. ತನ್ನ ಸುತ್ತಲಿನ ತಂಪು ನೀರು, ಸಿಕ್ಕ ಆಹಾರ, ಇವಿಷ್ಟನ್ನೇ ಕಂಡದ್ದು. ಆಹಾರದಿಂದ ಮೇಲುಕ್ಕಿಗೆ, ಮೇಲುಕ್ಕಿನಿಂದ ಗಾಳಿಗೆ, ಗಾಳಿಯಿಂದ ಮಳೆಗೆ ಹೋಗುವಾಗ ಒಂದೊಂದು ಹೆಜ್ಜೆಯೂ ನಮ್ಮ ತರ್ಕ.

ಹೆಜ್ಜೆ ಜಾರುವ ಕಡೆಗಳು ಹಲವು. ಶೇಕಡಾವಾರು ಲೆಕ್ಕದಲ್ಲಿ ಬುಲಾಯ್ಡಿಸ್ ಹೆಚ್ಚಾಗದೆಯೂ ಬೇರೆ ಜಾತಿಗಳು ಕಡಿಮೆಯಾದರೆ ಅದರ ಪಾಲು ಏರಿದಂತೆ ಕಾಣುತ್ತದೆ. ವಯಸ್ಸಿನ ಲೆಕ್ಕವೂ ಸುಲಭವಲ್ಲ. ಆಳದ ನೀರು ಬಹುಕಾಲ ಗಾಳಿಯ ಸಂಪರ್ಕವಿಲ್ಲದೆ ಇದ್ದುದರಿಂದ ಅದರ ಇಂಗಾಲ ಹಳೆಯದು. ಆ ನೀರಿನಲ್ಲಿ ಕಟ್ಟಿದ ಚಿಪ್ಪು ಹುಟ್ಟುವಾಗಲೇ ಕೆಲವು ನೂರು ವರ್ಷದ ಮುದುಕನಂತೆ ತೋರುತ್ತದೆ. ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು. ಯಾವ ಮೇಲುಕ್ಕನ್ನು ಅಳೆಯಬೇಕೋ ಅದೇ ಗಡಿಯಾರವನ್ನೂ ಕೆಡಿಸುತ್ತದೆ!

ಗಾಳಿಯಿಂದ ಮಳೆಗೆ ಹಾರುವ ಹೆಜ್ಜೆ ಎಲ್ಲಕ್ಕಿಂತ ಅಪಾಯದ್ದು. ಕೆಲವು ಸಲ ಎರಡು ಸಾಕ್ಷಿಗಳು ಒಂದೇ ಮಾತು ಹೇಳುತ್ತವೆ. ದಕ್ಷಿಣ ಒಮಾನಿನ ಕುನ್ಫ್ ಗುಹೆಯ ಸುಣ್ಣದ ಗೂಟವೊಂದು ಮಳೆಯ ನೀರಿನಿಂದಲೇ ಬೆಳೆದದ್ದು. ಅದು ಕೂಡ ಸುಮಾರು ಎಂಟು ಸಾವಿರ ವರ್ಷಗಳಿಂದ ಮಳೆ ನಿಧಾನವಾಗಿ ತಗ್ಗಿದ್ದನ್ನು ತೋರಿಸುತ್ತದೆಂದು 2003ರಲ್ಲಿ ಪ್ರಕಟವಾಯಿತು. ಆದರೆ ಆಂಡರ್ಸನ್, ಓವರ್‌ಪೆಕ್ ಮತ್ತು ಗುಪ್ತ 2002ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕವನ್ನು ನೋಡಿ. ಕಳೆದ ನಾನೂರು ವರ್ಷಗಳಲ್ಲಿ ಒಮಾನಿನ ಮೇಲುಕ್ಕು ಏರುತ್ತ ಬಂದಿದೆ, ಅಂದರೆ ಮಾರುತ ಬಲಗೊಂಡಿದೆ ಎಂಬುದು ಅದರ ತೀರ್ಮಾನ. ಆದರೆ ನಮ್ಮ ಮಳೆಮಾಪಕಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಅಂಥ ಏರಿಕೆ ಇಲ್ಲ. ಅದರ ಉತ್ತರಾರ್ಧದಲ್ಲಿ ಮಧ್ಯ ಭಾರತದ ಮುಂಗಾರು ಮಳೆ ಇಳಿದಿದೆ ಎಂದೇ ಅಧ್ಯಯನಗಳು ಹೇಳಿದವು. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬ ಸಾಕ್ಷಿ ಗಾಳಿಯ ಬಗ್ಗೆ, ಇನ್ನೊಬ್ಬ ಮಳೆಯ ಬಗ್ಗೆ ಹೇಳುತ್ತಿದ್ದಾನೆ. ಮಳೆಯಾಗಲು ಗಾಳಿ ಒಂದೇ ಸಾಲದು. ಅದು ಹೊತ್ತ ತೇವ ಎಷ್ಟು, ಮೋಡ ಎಲ್ಲಿ ಇಳಿಯಿತು ಎಂಬುದೂ ಮುಖ್ಯ.

ಇಂಥ ಗೊಂದಲದಿಂದ ಇತಿಹಾಸದ ಪುಸ್ತಕಗಳಿಗೂ ಅಪಾಯವಿದೆ. 'ಮುಂಗಾರು ಕೈಕೊಟ್ಟಿತು, ಹರಪ್ಪ ಅಳಿಯಿತು' ಎಂದು ಒಂದೇ ಸಾಲಿನಲ್ಲಿ ಹೇಳುವುದು ಸುಲಭ. ಸಿಂಧೂ ನದಿಯ ಮುಖಜದ ಎದುರಿನ ಕೆಸರಿನ ಚಿಪ್ಪುಗಳು ಸುಮಾರು 4,200 ವರ್ಷಗಳ ಹಿಂದೆ ನದಿಯ ನೀರು ಇಳಿದದ್ದನ್ನು ತೋರಿಸುತ್ತವೆ ಎಂಬ ವರದಿ 2003ರಲ್ಲಿ ಬಂದದ್ದು ನಿಜ. ಆದರೆ 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಾಜಸ್ಥಾನದ ಲೂಣಕರಣಸರ ಕೆರೆ ಹರಪ್ಪದ ನಗರಗಳು ಉಚ್ಛ್ರಾಯಕ್ಕೆ ಬರುವ ಮೊದಲೇ ಬತ್ತಿತ್ತು. ಅಂದರೆ ಒಣಗಿದ ನಾಡಿನಲ್ಲಿಯೇ ಆ ನಗರಗಳು ಏಳೆಂಟು ನೂರು ವರ್ಷ ಬಾಳಿದವು. ಮಳೆ ಜನರನ್ನು ಕಷ್ಟಕ್ಕೆ ದೂಡಬಹುದು. ಆ ಕಷ್ಟಕ್ಕೆ ಜನ ಏನು ಮಾಡಿದರು ಎಂಬುದನ್ನು ಚಿಪ್ಪು ಹೇಳಲಾರದು.

ಮುಂಗಾರು ಹುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೂ ಇದೇ ಪಾಠ. ಒಮಾನಿನ ಕಂಬದಲ್ಲಿ ಬುಲಾಯ್ಡಿಸ್ ಒಮ್ಮೆಲೇ ಹೆಚ್ಚಿದ್ದನ್ನು ನೋಡಿ, ಈಗಿನಂಥ ಮುಂಗಾರು ಸುಮಾರು 80 ಲಕ್ಷ ವರ್ಷಗಳ ಹಿಂದೆ ಬಲಗೊಂಡಿತೆಂದು 1990ರ ದಶಕದಲ್ಲಿ ಹೇಳಲಾಯಿತು. ಹಿಮಾಲಯ, ಟಿಬೆಟ್ ಎತ್ತರವಾದದ್ದಕ್ಕೂ ಅದನ್ನು ಜೋಡಿಸಿದರು. 2016ರಲ್ಲಿ ಮಾಲ್ದೀವ್ಸ್ ಬಳಿಯ ತಳವನ್ನು ಓದಿದ ತಂಡ ಅದನ್ನು 129 ಲಕ್ಷ ವರ್ಷಗಳ ಹಿಂದಕ್ಕೆ ಒಯ್ಯಿತು. ಹೊಸ ಸಾಕ್ಷಿ ಬಂದರೆ ತೀರ್ಪು ಮರುಪರಿಶೀಲನೆಯಾಗಲೇಬೇಕು.

ಉದ್ದನೆಯ ಕಡತ ಏಕೆ ಬೇಕು

ಇದೆಲ್ಲ ಗತಕಾಲದ ಕುತೂಹಲ ಮಾತ್ರವೆ? ಅಲ್ಲ. 2005ರಲ್ಲಿ ಜೋಕಿಂ ಗೋಯೆಸ್ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ನೋಡಿ, ಏಷ್ಯದ ನೆಲ ಬಿಸಿಯಾಗಿ ಗಾಳಿ ಬಲಗೊಂಡು ಪಶ್ಚಿಮ ಅರಬ್ಬೀ ಸಮುದ್ರ ಹೆಚ್ಚು ಹಸಿರಾಗುತ್ತಿದೆ ಎಂದರು. ಅವರ ಬಳಿ ಇದ್ದುದು 1997ರಿಂದ ಏಳೆಂಟು ವರ್ಷಗಳ ಚಿತ್ರ. 2016ರಲ್ಲಿ ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಆರು ದಶಕಗಳ ಹರಹನ್ನು ನೋಡಿ ತದ್ವಿರುದ್ಧ ತೀರ್ಮಾನಕ್ಕೆ ಬಂದರು. ಕಡಲಿನ ಮೇಲ್ಪದರ ಬೆಚ್ಚಗಾಗಿ ಆಳದ ನೀರು ಬೆರೆಯಲು ಅಡ್ಡಿಯಾಗಿ, ಪಶ್ಚಿಮ ಹಿಂದೂ ಮಹಾಸಾಗರದ ಸೂಕ್ಷ್ಮಸಸ್ಯಗಳ ಬೆಳೆ ಶೇ. 20ರವರೆಗೆ ಕುಸಿದಿದೆ ಎಂದರು. ಏಳು ವರ್ಷದ ಕಿಟಕಿಯಿಂದ ಕಂಡದ್ದು ಅರವತ್ತು ವರ್ಷದ ಕಿಟಕಿಯಿಂದ ಬೇರೆಯಾಗಿ ಕಾಣುತ್ತದೆ. ಹಾಗಾದರೆ ಹತ್ತು ಸಾವಿರ ವರ್ಷದ ಕಿಟಕಿಯ ಬೆಲೆ ಎಷ್ಟು ಎಂದು ಬೇರೆ ಹೇಳಬೇಕಿಲ್ಲ. ಮೀನುಗಾರನ ಬಲೆ, ರೈತನ ಬಿತ್ತನೆ ಎರಡೂ ನಿಂತಿರುವುದು ಈ ಗಾಳಿಯ ಮೇಲೆ.

ಮಳೆಯನ್ನೇ ಕೇಳಬೇಕಾದರೆ ಮಳೆ ಕಂಡ ಸಾಕ್ಷಿಯನ್ನು ಹುಡುಕಬೇಕು. ಅಂಥ ಒಂದು ಪ್ರಯತ್ನ ನಡೆದದ್ದು ನಮ್ಮ ಕಾರವಾರದ ಕಡಲಲ್ಲಿಯೇ. ಗೋವೆಯ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಅಲ್ಲಿನ ಕೆಸರಿನ ಕಂಬದಲ್ಲಿ ತೇಲುವ ಜಾತಿಯನ್ನು ಬಿಟ್ಟು, ತಳದಲ್ಲಿ ಬದುಕುವ ಫೊರಾಮಿನಿಫೆರಾಗಳನ್ನು ಆರಿಸಿಕೊಂಡರು. ಮಳೆಗಾಲದಲ್ಲಿ ನದಿ ತರುವ ಸಿಹಿನೀರು ದಡದ ಕಡಲಿನ ಉಪ್ಪನ್ನು ತಗ್ಗಿಸುತ್ತದೆ. ತಳದ ಜೀವಿಗಳ ಚಿಪ್ಪು ಅದಕ್ಕೆ ಸ್ಪಂದಿಸುತ್ತದೆ ಎಂಬುದು ಅವರ ಆಧಾರ. ಬರಗಳು ಸುಮಾರು 77 ವರ್ಷಗಳ ಆವರ್ತದಲ್ಲಿ ಬಂದಿವೆ ಎಂದು 1995ರಲ್ಲಿ ಅವರು ಪ್ರಕಟಿಸಿದರು. ಈ ಸಂಖ್ಯೆಯನ್ನು ಒಪ್ಪುವುದು ಬಿಡುವುದು ಮುಂದಿನ ಪರೀಕ್ಷೆಗಳ ಮಾತು. ಕೇಳುವ ಪ್ರಶ್ನೆಗೆ ತಕ್ಕ ಸಾಕ್ಷಿಯನ್ನು ಆರಿಸಿದ ಕ್ರಮ ಮಾತ್ರ ಗಮನಿಸಬೇಕಾದದ್ದು.

ಶಾಸನ ಓದುವವರಿಗೆ ಹಳೆಯ ನಿಯಮವೊಂದಿದೆ: ಕಲ್ಲಿನಲ್ಲಿ ಇದ್ದಷ್ಟನ್ನು ಮೊದಲು ಓದು, ಇಲ್ಲದ್ದನ್ನು ಆಮೇಲೆ ಊಹಿಸು, ಊಹೆಯನ್ನು ಊಹೆಯೆಂದೇ ಬರೆ. ಕಡಲ ತಳದ ಈ ಸುಣ್ಣದ ಅಕ್ಷರಗಳಿಗೂ ಅದೇ ನಿಯಮ ಸಲ್ಲುತ್ತದೆ. ಗಾಳಿ ಹೇಗೆ ಬೀಸಿತ್ತೆಂದು ಕೇಳಿದರೆ ಅವು ಸಾಕಷ್ಟು ನಂಬಿಕೆಯ ಉತ್ತರ ಕೊಡುತ್ತವೆ. ಹೊಲಕ್ಕೆ ಮಳೆ ಬಂತೆ ಎಂದು ಕೇಳಿದರೆ, ಗುಹೆಯ ಸುಣ್ಣವನ್ನೂ ಕೆರೆಯ ಕೆಸರನ್ನೂ ನದಿಮುಖದ ಚಿಪ್ಪನ್ನೂ ಜೊತೆಗೆ ಕರೆಯಲೇಬೇಕು.